ಎರಡು ನಾಣ್ಯ, ಸಾಧ್ಯತೆ ಮೂರಲ್ಲ ನಾಲ್ಕು

ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದರೆ ಏನೇನು ಬೀಳಬಹುದು? ಎರಡೂ ಹೆಡ್, ಎರಡೂ ಟೇಲ್, ಇಲ್ಲಾಂದ್ರೆ ಒಂದು ಹೆಡ್ ಒಂದು ಟೇಲ್. ಮೂರು ಸಾಧ್ಯತೆ ಅಂದಮೇಲೆ ಒಂದೊಂದಕ್ಕೂ 1/3 ಅಂತ ಹೇಳಿಬಿಡುತ್ತೇವೆ, ಅಲ್ವಾ? ತಪ್ಪು.

ಇಂಥದ್ದೇ ತಪ್ಪನ್ನು ಫ್ರಾನ್ಸಿನ ದೊಡ್ಡ ಗಣಿತಜ್ಞ ಡಾಲಂಬೆರ್ ಕೂಡ ಮಾಡಿದ್ದರು. ಒಂದು ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಂದು ಸಲವಾದರೂ ಹೆಡ್ ಬೀಳುವ ಸಂಭವನೀಯತೆ 2/3 ಅಂತ 1754ರಲ್ಲಿ ವಿಶ್ವಕೋಶದ ಲೇಖನದಲ್ಲಿ ಬರೆದರು. ಅವರ ವಾದ ಹೀಗಿತ್ತು: ಮೊದಲ ಸಲವೇ ಹೆಡ್ ಬಿದ್ದರೆ ಆಟ ಮುಗಿಯಿತು, ಬೀಳದಿದ್ದರೆ ಎರಡನೇ ಸಲ ಹೆಡ್ ಬೀಳಬಹುದು ಅಥವಾ ಟೇಲ್ ಬೀಳಬಹುದು, ಹೀಗೆ ಒಟ್ಟು ಮೂರು, ಅದರಲ್ಲಿ ಎರಡು ನಮ್ಮ ಪರ. ಸರಿಯಾದ ಉತ್ತರ 3/4. ಯಾಕೆಂದರೆ ಆ ಮೂರೂ ಸರಿಸಮ ಅಲ್ಲ. ಮೊದಲ ಸಲವೇ ಹೆಡ್ ಬೀಳುವುದಕ್ಕೆ ಅರ್ಧ ಪಾಲು, ಉಳಿದೆರಡಕ್ಕೆ ಕಾಲು ಕಾಲು.

ಬೇಕಾದವು ಎಷ್ಟು, ಒಟ್ಟು ಎಷ್ಟು, ಭಾಗಿಸು. ಶಾಲೆಯ ಈ ಸೂತ್ರ ನಮಗೆಲ್ಲ ಬಾಯಿಪಾಠ. ಆದರೆ ಎಣಿಸುವ ಪ್ರತಿಯೊಂದಕ್ಕೂ ಸಮಾನ ಸಾಧ್ಯತೆ ಇದ್ದರೆ ಮಾತ್ರ ಅದು ನಡೆಯುತ್ತದೆ, ಮತ್ತು ನನ್ನ ಪ್ರಕಾರ ಕಲಿಸುವಾಗ ಜಾಸ್ತಿ ಹೊತ್ತು ನಿಲ್ಲಬೇಕಾದ್ದು ಅಲ್ಲೇ.

ನಾನು ಮಾಡುವುದು ಇಷ್ಟೇ: ಒಂದು ನಾಣ್ಯಕ್ಕೆ ಕೆಂಪು ಚುಕ್ಕೆ ಇಡಿ. ಈಗ 'ಕೆಂಪಿನದು ಹೆಡ್, ಇನ್ನೊಂದು ಟೇಲ್' ಬೇರೆ, 'ಕೆಂಪಿನದು ಟೇಲ್, ಇನ್ನೊಂದು ಹೆಡ್' ಬೇರೆ ಅಂತ ಕಣ್ಣಿಗೇ ಕಾಣುತ್ತದೆ. ನಾಲ್ಕು ಸಾಧ್ಯತೆ. ಚುಕ್ಕೆ ಇಟ್ಟ ಮಾತ್ರಕ್ಕೆ ನಾಣ್ಯ ಬೀಳುವ ರೀತಿಯೇನೂ ಬದಲಾಗಲಿಲ್ಲ, ಅಂದರೆ ಮೊದಲೂ ನಾಲ್ಕೇ ಇದ್ದವು.

ದಾಳಗಳಲ್ಲಿ ಇದು ಇನ್ನೂ ಚೆನ್ನ. ಮೂರು ದಾಳ ಎಸೆದಾಗ ಮೊತ್ತ 9 ಬರಲು ಆರು ಜೋಡಣೆಗಳಿವೆ, 10 ಬರಲೂ ಆರೇ. ಆದರೂ ಜೂಜಾಡಿ ಪಳಗಿದವರು 10 ಕೊಂಚ ಜಾಸ್ತಿ ಬೀಳುತ್ತದೆ ಅನ್ನುತ್ತಿದ್ದರು. ಇದನ್ನು ಬಿಡಿಸಿ ತೋರಿಸಿದವರು ಗೆಲಿಲಿಯೋ. ಮೂರು ದಾಳಕ್ಕೆ ಮೂರು ಬಣ್ಣ ಅಂದುಕೊಳ್ಳಿ. 6-2-1 ಅನ್ನುವುದು ಆರು ಬಗೆಯಲ್ಲಿ ಬೀಳುತ್ತದೆ, 5-2-2 ಮೂರು ಬಗೆಯಲ್ಲಿ, 3-3-3 ಮಾತ್ರ ಒಂದೇ ಬಗೆಯಲ್ಲಿ. 10ರ ಗುಂಪಿನಲ್ಲಿ ಹಾಗೆ ಮೂರೂ ಒಂದೇ ಆಗಿರುವ ಜೋಡಣೆ ಇಲ್ಲವೇ ಇಲ್ಲ. ಪೂರ್ತಿ ಕೂಡಿದರೆ, ಮೂರು ದಾಳ ಬೀಳಬಹುದಾದ ಒಟ್ಟು 216 (6×6×6) ಬಗೆಗಳಲ್ಲಿ 9ಕ್ಕೆ 25, 10ಕ್ಕೆ 27. ಅಂದರೆ 216 ಸಲ ಎಸೆದರೆ ಸರಾಸರಿ ಎರಡೇ ಎರಡು ಸಲದ ವ್ಯತ್ಯಾಸ, ಅದನ್ನು ಆ ಜೂಜುಗಾರರು ಬರೀ ಆಡಿ ಆಡಿಯೇ ಗುರುತಿಸಿದ್ದರು.