ಮೂವರು ಸೇರಿ ಕಟ್ಟುವ ಮನೆ: ಎಲ್ಲಿ ಕತ್ತರಿ ಹಾಕಬೇಕು?

ಪ್ರಶ್ನೆ: ಅಣ್ಣ, ನಾನು, ತಂಗಿ ಸೇರಿ ಒಂದೇ ಸೈಟಿನಲ್ಲಿ ಮೂರು ಅಂತಸ್ತು ಕಟ್ಟಿಸಲು ಹೊರಟಿದ್ದೇವೆ. ಪ್ಲಾನ್ ಮೂವರಿಗೂ ಇಷ್ಟ, ಎಸ್ಟಿಮೇಟ್ ಮಾತ್ರ ಕೈಮೀರಿದೆ. ಏನನ್ನು ಬಿಟ್ಟರೆ ಮನೆ ಕೆಡುವುದಿಲ್ಲ?

ಉತ್ತರ: ಇಂಥ ಕಡೆ ಸಾಮಾನ್ಯವಾಗಿ ಎಲ್ಲದರಲ್ಲೂ ಚೂರು ಚೂರು ಇಳಿಸುತ್ತಾರೆ. ಕಿಟಕಿ ಅರ್ಧ ಅಡಿ ಕಿರಿದು, ಮೆಟ್ಟಿಲು ಇಕ್ಕಟ್ಟು, ಪೈಪು ಅಗ್ಗದ್ದು. ಆಗ ಯಾರಿಗೂ ಮನಸ್ತಾಪವಿಲ್ಲ, ಆಮೇಲೆ ಯಾರಿಗೂ ಸುಖವಿಲ್ಲ.

ಚಿಲಿ ದೇಶದ ಇಕಿಕೆ ಊರಿನಲ್ಲಿ ನಡೆದದ್ದು ನೋಡಿ. ಅರ್ಧ ಹೆಕ್ಟೇರ್ ಜಾಗದಲ್ಲಿ ಸುಮಾರು 100 ಬಡ ಕುಟುಂಬಗಳು ಗುಡಿಸಲು ಹಾಕಿಕೊಂಡು ಸುಮಾರು 30 ವರ್ಷ ಬದುಕಿದ್ದವು. ಜಾಗ, ನೀರು-ಚರಂಡಿ, ಮನೆ ಎಲ್ಲಕ್ಕೂ ಸೇರಿ ಕುಟುಂಬಕ್ಕೆ ಸರ್ಕಾರ ಕೊಟ್ಟದ್ದು 7,500 ಡಾಲರ್. ವಾಸ್ತುಶಿಲ್ಪಿ ಅಲೆಹಾಂದ್ರೊ ಅರಾವೆನಾ ಅವರ ತಂಡ ಆ ಜನರ ಜೊತೆ ಕೂತು ಲೆಕ್ಕ ಹಾಕಿತು. ಆ ದುಡ್ಡಿಗೆ ಪೂರ್ತಿ ಮನೆ ಕಟ್ಟಿದರೆ ಅದು ಗೂಡಾಗುತ್ತಿತ್ತು. ಅದಕ್ಕೇ ಒಳ್ಳೆಯ ಮನೆಯ ಅರ್ಧ ಮಾತ್ರ ಕಟ್ಟಿದರು: ಚೌಕಟ್ಟು, ಸೂರು, ಮೆಟ್ಟಿಲು, ಅಡುಗೆಮನೆ, ಬಚ್ಚಲು. ಪಕ್ಕದ ಖಾಲಿ ಜಾಗವನ್ನು ಕುಟುಂಬಗಳು ಕೈಯಲ್ಲಿ ಕಾಸಾದಂತೆ ತುಂಬಿಕೊಂಡವು. ಕಷ್ಟದ ಅರ್ಧ ವಾಸ್ತುಶಿಲ್ಪಿಯದು, ಸುಲಭದ್ದು ಮನೆಯವರದು. 2004ರಲ್ಲಿ ಆ ಕೆಲಸ ಮುಗಿಯಿತು. 2016ರಲ್ಲಿ ಅರಾವೆನಾ ಅವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು.

ಅವರೇ ಹೇಳುವ ಇನ್ನೊಂದು ಪ್ರಸಂಗವಿದೆ. ನೀರು ಕಾಯಿಸುವ ಹೀಟರೋ, ಸ್ನಾನದ ತೊಟ್ಟಿಯೋ, ಒಂದೇ ಸಾಧ್ಯ ಎಂದಾಗ ಜನ ತೊಟ್ಟಿ ಕೇಳಿದರಂತೆ. ಹೀಟರ್ ಕೊಟ್ಟರೂ ಗ್ಯಾಸ್ ಬಿಲ್ ಕಟ್ಟಲಾಗದೆ ಮಾರಬೇಕಾಗುತ್ತಿತ್ತು. ಕೇಳದೇ ಇದ್ದಿದ್ದರೆ ಇದು ಯಾರಿಗೆ ಹೊಳೆಯುತ್ತಿತ್ತು?

ನಿಮ್ಮ ಮನೆಗೆ ಬರೋಣ. ಪಾಯ, ಪಿಲ್ಲರಿನ ಕಂಬಿ, ಮೆಟ್ಟಿಲು, ಕಿಟಕಿಯ ಜಾಗ, ಗೋಡೆಯೊಳಗಿನ ಪೈಪು: ಇವನ್ನು ಆಮೇಲೆ ತಿದ್ದಲು ಒಡೆಯಬೇಕು. ಮುಟ್ಟಬೇಡಿ. ಫಾಲ್ಸ್ ಸೀಲಿಂಗ್, ವಾರ್ಡ್‌ರೋಬ್, ಮುಂಭಾಗದ ಕಲ್ಲಿನ ಅಲಂಕಾರ ಐದು ವರ್ಷ ಕಾಯಬಲ್ಲವು. ಅಷ್ಟಕ್ಕೂ ಸಾಲದಿದ್ದರೆ ಪಾಯ ಮೂರು ಅಂತಸ್ತಿಗೇ ಹಾಕಿ, ಈಗ ಎರಡು ಕಟ್ಟಿ. ಮೇಲೆ ಬಿಟ್ಟ ಕಂಬಿ ತುಕ್ಕು ಹಿಡಿಯದಂತೆ ಸಿಮೆಂಟ್ ಹಾಲು ಬಳಿಸಿ.

ಗೋಡೆಯಲ್ಲೂ ಉಳಿತಾಯವಿದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಬಹಳವಾಗಿ ಬಳಸಿದ ರ‍್ಯಾಟ್ ಟ್ರ್ಯಾಪ್ ಎಂಬ ಗೋಡೆ ಕಟ್ಟುವ ಕ್ರಮದಲ್ಲಿ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸುತ್ತಾರೆ. ಒಂಬತ್ತಿಂಚಿನ ಗೋಡೆಯಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ನಡುವಿನ ಟೊಳ್ಳಿನಿಂದ ಒಳಗೆ ತಂಪು. ಆದರೆ ಇಟ್ಟಿಗೆ ಮಟ್ಟಸವಾಗಿರಬೇಕು, ಮೇಸ್ತ್ರಿಗೆ ಕೈ ಪಳಗಿರಬೇಕು. ನಿಮ್ಮ ಗೋಡೆಯಲ್ಲಿ ಕಲಿಯಲು ಹೊರಟವನಿಗೆ ಕೊಡಬೇಡಿ.

ಇನ್ನು ಪಾಲಿನ ವಿಚಾರ. ಪಾಯ, ಸಂಪು, ಮೆಟ್ಟಿಲಿನ ಖರ್ಚು ಮೂವರಿಗೂ ಸಮ. ಕೆಳಗಿರುವ ಅಣ್ಣ ಮೆಟ್ಟಿಲು ಹತ್ತದಿದ್ದರೂ ಸಮವೇ. ಬದಲಾವಣೆಯ ಮಾತೆಲ್ಲ ಪ್ಲಾನ್ ಕಾಗದದ ಮೇಲಿರುವಾಗಲೇ ಮುಗಿಸಿ, ಸೈಟಿನಲ್ಲಿ ಮಾತಾಡಲು ಒಬ್ಬರನ್ನೇ ನೇಮಿಸಿ. ಮೂವರೂ ಹೋಗಿ ಮೂರು ಹೇಳಿದರೆ ಮೇಸ್ತ್ರಿ ನಾಲ್ಕನೆಯದನ್ನು ಕಟ್ಟುತ್ತಾನೆ. ಟೈಲ್ಸು, ಬಣ್ಣ ಅವರವರ ಇಷ್ಟ. ತಂಗಿಗೆ ಗ್ರಾನೈಟೇ ಬೇಕೆಂದರೆ ಆ ಬಿಲ್ಲು ಅವಳ ಲೆಕ್ಕಕ್ಕೆ.