ಇಮೇಲ್ ವೈರಸ್: ಫೈಲ್ ಹೆಸರಿನ ಬಾಲ ಓದುವುದು

ಮೇಲ್ ತೆರೆದು ಓದಿದ ಮಾತ್ರಕ್ಕೆ ವೈರಸ್ ತಗಲುವುದು ಅಪರೂಪ. ಅಟ್ಯಾಚ್‌ಮೆಂಟ್ ತೆರೆದಾಗಲೋ, ಲಿಂಕ್ ಒತ್ತಿ ಇಳಿಸಿಕೊಂಡದ್ದನ್ನು ಓಡಿಸಿದಾಗಲೋ ಅದು ಒಳಗೆ ಬರುತ್ತದೆ. ಹಾಗಾಗಿ ಮೊದಲು ಕಲಿಯಬೇಕಾದದ್ದು ಫೈಲಿನ ಹೆಸರನ್ನು ಕೊನೆಯವರೆಗೆ ಓದುವುದು.

2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ 'ಐ ಲವ್ ಯು' ವೈರಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಫೈಲಿನ ಹೆಸರು 'ಲವ್-ಲೆಟರ್-ಫಾರ್-ಯು.ಟಿಎಕ್ಸ್‌ಟಿ.ವಿಬಿಎಸ್'. ತನಗೆ ಗೊತ್ತಿರುವ ಎಕ್ಸ್‌ಟೆನ್ಶನ್‌ಗಳನ್ನು, ಅಂದರೆ ಫೈಲ್ ಹೆಸರಿನ ಕೊನೆಯ ಚುಕ್ಕೆಯ ನಂತರದ ಬಾಲವನ್ನು, ವಿಂಡೋಸ್ ಮರೆಮಾಡುತ್ತಿದ್ದರಿಂದ ಕೊನೆಯ ವಿಬಿಎಸ್ ಕಾಣಲಿಲ್ಲ. ಜನ ಅದನ್ನು ಬರೀ ಪಠ್ಯವೆಂದು ತೆರೆದರು. ಓಡಿದ್ದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆಜ್ಞೆ ಕೊಡುವ ಪುಟ್ಟ ಪ್ರೋಗ್ರಾಮ್. ಅದು ಚಿತ್ರಗಳ ಫೈಲುಗಳನ್ನು ಅಳಿಸಿ ಆ ಜಾಗದಲ್ಲಿ ತನ್ನ ಪ್ರತಿ ಬರೆದು, ಔಟ್‌ಲುಕ್ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನನ್ನೇ ಕಳಿಸಿಕೊಂಡಿತು. ಈ ಮರೆಮಾಚುವ ಅಭ್ಯಾಸವನ್ನು ವಿಂಡೋಸ್ ಇವತ್ತಿಗೂ ಬಿಟ್ಟಿಲ್ಲ! ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು, ವ್ಯೂ, ಶೋ ಒತ್ತಿ, 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಮೇಲೆ ಟಿಕ್ ಹಾಕಿ. ಕೊನೆಯ ಚುಕ್ಕೆಯ ನಂತರ ಇಎಕ್ಸ್‌ಇ, ಜೆಎಸ್, ವಿಬಿಎಸ್, ಎಸ್‌ಸಿಆರ್ ಇದ್ದರೆ ಅದು ಹಣದ ಬಿಲ್ ಅಲ್ಲ, ಫೋಟೋವೂ ಅಲ್ಲ, ಓಡುವ ಪ್ರೋಗ್ರಾಮ್. ಐಕಾನ್ ನೋಡಿ ನಂಬಬೇಡಿ, ಅದನ್ನು ಹೇಗೆ ಬೇಕಾದರೂ ಬದಲಾಯಿಸಬಹುದು.

'ಗೊತ್ತಿದ್ದವರೇ ಕಳಿಸಿದ್ದು' ಎಂಬ ಧೈರ್ಯವೂ ಸಾಲದು. 1999ರ ಮಾರ್ಚ್‌ನಲ್ಲಿ ಹರಡಿದ ಮೆಲಿಸಾ ವೈರಸ್, ವರ್ಡ್ ಫೈಲಿನ ಮ್ಯಾಕ್ರೋದಲ್ಲಿ (ಫೈಲಿನೊಳಗೇ ಇರುವ ಪುಟ್ಟ ಪ್ರೋಗ್ರಾಮಿನಲ್ಲಿ) ಕೂತು, ವಿಳಾಸಪಟ್ಟಿಯ ಮೊದಲ 50 ಜನರಿಗೆ ಹೋಗುತ್ತಿತ್ತು. ಪಡೆದವರಿಗೆಲ್ಲ ಕಂಡದ್ದು ಪರಿಚಿತರ ಹೆಸರೇ. ಅನುಮಾನ ಬಂದರೆ ಮೇಲ್‌ಗೆ ಉತ್ತರಿಸಿ ಕೇಳಬೇಡಿ, ಖಾತೆ ಕಳ್ಳನ ಕೈಯಲ್ಲಿದ್ದರೆ ಉತ್ತರಿಸುವವನೂ ಅವನೇ. ಫೋನ್ ಮಾಡಿ.

ಇಂಟರ್‌ನೆಟ್‌ನಿಂದ ಬಂದ ಆಫೀಸ್ ಫೈಲುಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ಪ್ರಾಪರ್ಟೀಸ್‌ಗೆ ಹೋಗಿ 'ಅನ್‌ಬ್ಲಾಕ್' ಮಾಡಿ ಎಂದು ಬಂದ ಮೇಲ್ ತಾನೇ ಹೇಳಿಕೊಡುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಪಾಸ್‌ವರ್ಡ್ ಹಾಕಿದ ಜಿಪ್ ಬಂದು, ಪಾಸ್‌ವರ್ಡ್ ಅದೇ ಮೇಲ್‌ನಲ್ಲಿದ್ದರೆ ಇನ್ನೂ ಅನುಮಾನ: ಬೀಗ ಹಾಕಿದ ಜಿಪ್ ಒಳಗೆ ಮೇಲ್ ಸರ್ವರಿನ ಸ್ಕ್ಯಾನರ್ ಸಾಮಾನ್ಯವಾಗಿ ಇಣುಕಲಾರದು.

ಕೈತಪ್ಪಿ ತೆರೆದೇಬಿಟ್ಟರೆ? ಮೊದಲು ವೈಫೈ ಆಫ್ ಮಾಡಿ, ಇಂಟರ್‌ನೆಟ್ ಕೇಬಲ್ ಕೀಳಿ. ಪಾಸ್‌ವರ್ಡ್‌ಗಳನ್ನು ಬೇರೆ ಫೋನ್ ಅಥವಾ ಕಂಪ್ಯೂಟರಿನಿಂದ ಬದಲಿಸಿ. ಇಮೇಲ್‌ನದೇ ಮೊದಲು, ಮಿಕ್ಕ ಖಾತೆಗಳ ರೀಸೆಟ್ ಲಿಂಕ್ ಬರುವುದು ಅಲ್ಲಿಗೇ. ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿ. ಕದ್ದ ಕುಕೀ (ನೀವು ಸೈನ್ ಇನ್ ಆಗಿದ್ದೀರೆಂದು ಬ್ರೌಸರ್ ಇಟ್ಟುಕೊಳ್ಳುವ ಗುರುತು) ಇದ್ದರೆ ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಹೋಗಬಹುದು. ಇಮೇಲ್ ಸೆಟ್ಟಿಂಗ್ಸ್‌ನಲ್ಲಿ, ನಿಮ್ಮ ಮೇಲ್‌ಗಳನ್ನು ಬೇರೆಡೆಗೆ ಕಳಿಸುವ, ನಿಮಗೆ ತಿಳಿಯದ ಫಾರ್ವರ್ಡಿಂಗ್ ವಿಳಾಸವಿದ್ದರೆ ತೆಗೆದುಹಾಕಿ. ಆಮೇಲೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ಹಿಡಿಯುತ್ತದೆ. ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ, ಅಡಗಿ ಕೂತದ್ದೂ ಸಿಗುವ ಸಾಧ್ಯತೆ ಹೆಚ್ಚು. ಬ್ಯಾಂಕಿನಿಂದ ಹಣ ಹೋಗಿದ್ದರೆ ಸ್ಕ್ಯಾನ್‌ಗೆ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ.

ಬ್ಯಾಕಪ್ ಡಿಸ್ಕನ್ನು ಗಾಬರಿಯಲ್ಲಿ ಈ ಕಂಪ್ಯೂಟರಿಗೆ ಚುಚ್ಚಬೇಡಿ. ಬಂದದ್ದು ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಆಗಿದ್ದರೆ ಆ ಡಿಸ್ಕಿಗೂ ಬೀಗ ಬೀಳುತ್ತದೆ.