ಅಗಲ ಎರಡು ಪಟ್ಟು, ನೀರು ನಾಲ್ಕು ಪಟ್ಟು

ಈಗಿರುವುದರ ಎರಡರಷ್ಟು ನೀರು ಬೇಕೆನ್ನುವವರು ತೊಟ್ಟಿಯ ವ್ಯಾಸವನ್ನೂ ಎರಡರಷ್ಟು ಮಾಡಲು ಹೊರಡುತ್ತಾರೆ. ಕಲಬುರಗಿ ಸುತ್ತಲಿನ ಹೊಲಗಳಲ್ಲಿ ದುಂಡು ತೊಟ್ಟಿ ಕಟ್ಟಿಸುವ ನಾನು ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಮುಗಿಯುತ್ತಿಲ್ಲ. ರೈತರ ಹಣ ಬೇಡದ ಗುಂಡಿ ತೋಡುವುದಕ್ಕೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಚಿಂಚೋಳಿ ಕಡೆಯ ಹಿರಿಯ ತೊಗರಿ ಬೆಳೆಗಾರರೊಬ್ಬರ ಬಳಿ 10 ಅಡಿ ವ್ಯಾಸದ ತೊಟ್ಟಿಯಿತ್ತು. ಆಳ ಅದೇ 7 ಅಡಿ ಇರಲಿ, ಹೊಸದು ಎರಡರಷ್ಟು ನೀರು ಹಿಡಿಯಲಿ ಎಂದಿದ್ದರು. ನಾನು ಹೋಗುವಷ್ಟರಲ್ಲಿ ಗೌಂಡಿ ಗೂಟಕ್ಕೆ 10 ಅಡಿ ಹಗ್ಗ ಕಟ್ಟಿ ಸುಣ್ಣದ ಗೆರೆ ಎಳೆದಿದ್ದ. ಹಗ್ಗದಷ್ಟು ತ್ರಿಜ್ಯ, ಅಂದರೆ ವ್ಯಾಸ 20 ಅಡಿ.

“ಕಾಕಾ, ಇದು ನಾಲ್ಕರಷ್ಟು ಹಿಡಿಯುತ್ತದೆ” ಎಂದೆ.

“ಹತ್ತರ ಎರಡು ಪಟ್ಟು ಇಪ್ಪತ್ತೇ ಅಲ್ಲವೇನು ತಮ್ಮಾ?”

ತ್ರಿಜ್ಯವನ್ನು ತ್ರಿಜ್ಯದಿಂದಲೇ ಗುಣಿಸಿ, ಬಂದದ್ದನ್ನು 22/7ರಿಂದ ಗುಣಿಸಿದರೆ ತಳದ ವಿಸ್ತೀರ್ಣ. ತ್ರಿಜ್ಯ 5 ಇದ್ದರೆ ಐದೈದಲೇ 25, ವಿಸ್ತೀರ್ಣ ಸುಮಾರು 78.5 ಚದರ ಅಡಿ. ತ್ರಿಜ್ಯ 10 ಆದರೆ ಹತ್ತು ಹತ್ತಲೇ 100, ವಿಸ್ತೀರ್ಣ ಸುಮಾರು 314. ತ್ರಿಜ್ಯ ಈ ಲೆಕ್ಕದಲ್ಲಿ ಎರಡು ಸಲ ಬರುತ್ತದೆ. ಅದನ್ನು ಹಿಗ್ಗಿಸಿದರೆ ಎರಡೂ ಕಡೆ ಹಿಗ್ಗುತ್ತದೆ, ಎರಡೆರಡಲೇ ನಾಲ್ಕು. ಬಾಯಿಲೆಕ್ಕವನ್ನು ಕಾಕಾ ಒಪ್ಪಲಿಲ್ಲ. ಒಂದು ಗೇಣು ಅಗಲದ್ದೊಂದು, ಎರಡು ಗೇಣು ಅಗಲದ್ದೊಂದು ವೃತ್ತ ಬರೆದು, ತೊಗರಿ ಕಾಳನ್ನು ಒಂದೇ ಪದರವಾಗಿ ಹರಡಿ ಎಂದೆ. ಸಣ್ಣದಕ್ಕೆ ಒಂದು ಬಟ್ಟಲು ಹಿಡಿಯಿತು, ದೊಡ್ಡದು ತುಂಬಲು ಹೆಚ್ಚುಕಡಿಮೆ ನಾಲ್ಕು ಬಟ್ಟಲು ಬೇಕಾದವು. “ಹಾಗಾದರೆ ಎಷ್ಟು ಅಗಲ ಬೇಕು, ಅದನ್ನು ಹೇಳು” ಎಂದರು.

14 ಅಡಿ ಸಾಕು. ತ್ರಿಜ್ಯ 7, ವಿಸ್ತೀರ್ಣ 154 ಚದರ ಅಡಿ, ನೀರು ಸುಮಾರು 30,500 ಲೀಟರ್. ಹಳೆಯದರ ಎರಡರಷ್ಟಕ್ಕೆ ತುಸುವೇ ಕಡಿಮೆ.

ಪರಿಧಿಯ ನಡೆ ಬೇರೆ. ವ್ಯಾಸ ಎಷ್ಟು ಪಟ್ಟು ಬೆಳೆದರೆ ಅದೂ ಅಷ್ಟೇ ಪಟ್ಟು. 14 ಅಡಿಯದಕ್ಕೆ 44 ಅಡಿ ಸುತ್ತುಗೋಡೆ. 10 ಅಡಿಯ ಎರಡು ತೊಟ್ಟಿ ಕಟ್ಟಿದರೆ ಒಟ್ಟು ಸುಮಾರು 63 ಅಡಿ. ಜಾಗವಿದ್ದರೆ ಒಂದೇ ದೊಡ್ಡದು ಲೇಸು. ಹಾಗೆಂದು ಮನಬಂದಷ್ಟು ಹಿಗ್ಗಿಸಬೇಡಿ. ಆಳ ಅಷ್ಟೇ ಇದ್ದರೂ ತ್ರಿಜ್ಯ ಹೆಚ್ಚಿದಷ್ಟೂ ನೀರಿನ ಒತ್ತಡ ಸುತ್ತುಗೋಡೆಯನ್ನು ಹೆಚ್ಚು ಎಳೆಯುತ್ತದೆ. ನಮ್ಮ ಕರಿಮಣ್ಣು ಬೇರೆ ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುತ್ತದೆ. ಕಬ್ಬಿಣ ಎಷ್ಟು, ಗೋಡೆ ಎಷ್ಟು ದಪ್ಪ ಎಂಬುದನ್ನು ಸ್ಥಳ ನೋಡದೆ ನಾನಂತೂ ಹೇಳುವುದಿಲ್ಲ.

ಹಳೆಯ ತೊಟ್ಟಿಗೆ ಟೇಪನ್ನು ಸಿಕ್ಕಲ್ಲಿ ಅಡ್ಡ ಹಿಡಿದರೆ ಸಿಗುವುದು ಯಾವುದೋ ಒಂದು ಜ್ಯಾ, ಅಂದರೆ ವೃತ್ತದ ಅಂಚಿನ ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆ. ಒಂದು ತುದಿಯನ್ನು ಒಳಗೋಡೆಗೆ ಒತ್ತಿ, ಇನ್ನೊಂದನ್ನು ಎದುರು ಗೋಡೆಗುಂಟ ಜರುಗಿಸುತ್ತಾ ಹೋಗಿ. ಎಲ್ಲಕ್ಕಿಂತ ದೊಡ್ಡದಾಗಿ ಬರುವ ಅಳತೆ ವ್ಯಾಸ. ಮುಕ್ಕಾಲು ಅಡಿ ಗೋಡೆಯನ್ನೂ ಸೇರಿಸಿ ಹೊರಗಿನಿಂದ ಅಳೆದರೆ 10 ಅಡಿಯದು ಹನ್ನೊಂದೂವರೆಯಾಗಿ, ಇಲ್ಲದ ನೀರು ಮೂರನೇ ಒಂದರಷ್ಟು ಲೆಕ್ಕಕ್ಕೆ ಸೇರುತ್ತದೆ. ಗುತ್ತಿಗೆದಾರರಿಗೆ ಕೊಡುವ ಚೀಟಿಯಲ್ಲಿ ‘ಒಳವ್ಯಾಸ’ ಎಂದೇ ಬರೆದುಕೊಡಿ.